ಪಿಯಾನೊಗೆ ಜೋಡಿಸಿದ ವೈರಿನಲ್ಲಿ ಹರಿಯುವುದು ಏನು ಅಂತ ಮೊದಲು ನೋಡಿ

ಪ್ರಶ್ನೆ: ನಾವು ಅಂಕೋಲಾದವರು. ಮಗಳಿಗೆ 88 ಕೀಗಳ ಡಿಜಿಟಲ್ ಪಿಯಾನೊ ಕೊಡಿಸಿದ್ದೇವೆ. ಹೆಡ್‌ಫೋನ್ ತೂತಿಗೆ ಸಣ್ಣ ಬ್ಲೂಟೂತ್ ಟ್ರಾನ್ಸ್‌ಮಿಟರ್ ಹಾಕಿ ಮನೆಯ ಸ್ಪೀಕರಿಗೆ ಜೋಡಿಸಿದರೆ, ಕೀ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಸದ್ದು ಬರುತ್ತದೆ. ಯುಎಸ್‌ಬಿ ವೈರ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿದರೆ ಅಲ್ಲಿ ಸದ್ದೇ ಇಲ್ಲ. ಕ್ಲಾಸ್ ಫೋನಿನಲ್ಲಿ, ಆನ್‌ಲೈನ್. ಪಿಯಾನೊ ಕಡಿದು ಕಡಿದು ಕೇಳುತ್ತದೆ ಅಂತ ಟೀಚರ್ ಹೇಳುತ್ತಾರೆ. ಊರಿನ ಭಜನೆಯಲ್ಲಿ ಮಿಕ್ಸರಿಗೆ ಹಾಕಿದಾಗ ಸದ್ದು ತೀರಾ ಬಡಕಲಾಗಿ ಬಂತು, ಮಾವನವರ ಹಾರ್ಮೋನಿಯಂ ಜೊತೆ ಶ್ರುತಿಯೂ ಕೂಡಲಿಲ್ಲ. ಇದು ಪಿಯಾನೊದ ದೋಷವೇ? ಮಳೆಗಾಲಕ್ಕೆ ಏನು ಜಾಗ್ರತೆ ಬೇಕು?

ಉತ್ತರ: ನಿಮ್ಮ ಪಿಯಾನೊಗೆ ಏನೂ ಆಗಿಲ್ಲ. ವಾಪಸ್ ಕಳಿಸಲಿಕ್ಕೆ ಖಾಲಿ ಡಬ್ಬ ಹುಡುಕಬೇಡಿ. ಹಾರ್ಮೋನಿಯಮ್ಮಿನದೊಂದು ಬಿಟ್ಟರೆ ನೀವು ಬರೆದ ತೊಂದರೆಗಳೆಲ್ಲ ಪಿಯಾನೊದಿಂದ ಆಚೆ ಇವೆ. ಯಾವ ದಾರಿಯಲ್ಲಿ ಏನು ಹೋಗುತ್ತದೆ ಅಂತ ಗೊತ್ತಾದರೆ ಒಂದು ಸಂಜೆಯಲ್ಲಿ ಎಲ್ಲ ಸರಿ ಮಾಡಿಕೊಳ್ಳಬಹುದು. ಇದನ್ನು ಅಂಗಡಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಡಬ್ಬದೊಳಗಿನ ಪುಸ್ತಕದಲ್ಲಿ ಬರೆದಿರುತ್ತಾರೆ, ಆದರೆ ಅದನ್ನು ಓದುವವರು ಯಾರು ಮಾರಾಯ್ರೆ.

ಪಿಯಾನೊದಿಂದ ಎರಡು ಬೇರೆ ಬೇರೆ ಸಂಗತಿಗಳು ಹೊರಗೆ ಬರುತ್ತವೆ. ಒಂದು ಸದ್ದು. ಅದು ಹೆಡ್‌ಫೋನ್ ತೂತಿನಲ್ಲಿ ಬರುತ್ತದೆ, ಕೆಲವು ಮಾದರಿಗಳಲ್ಲಿ ಲೈನ್ ಔಟ್ ಅಂತ ಬೇರೆಯೇ ತೂತು ಇರುತ್ತದೆ. ಇನ್ನೊಂದು ಮಿಡಿ. ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯಲಿ ಅಂತ 1983ರಲ್ಲಿ ಮಾಡಿಕೊಂಡ ಏರ್ಪಾಡು ಅದು. ಮಿಡಿಯಲ್ಲಿ ಸದ್ದು ಇರುವುದೇ ಇಲ್ಲ. ಯಾವ ಕೀ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು, ಯಾವಾಗ ಬಿಟ್ಟರು, ಪೆಡಲ್ ಮೇಲೆ ಕಾಲು ಇತ್ತೋ ಇಲ್ಲವೋ, ಇಷ್ಟೇ. ಎಲ್ಲ ಬರೀ ಅಂಕಿ. ನಿಮ್ಮ ಪಿಯಾನೊದ ಎಡತುದಿಯ ಕೀ 21, ಮಧ್ಯದ ಸಿ 60, ಬಲತುದಿಯದ್ದು 108. ಒತ್ತಿದ ಬಲ 1ರಿಂದ 127ರವರೆಗೆ.

ಈಗ ನಿಮ್ಮ ಲ್ಯಾಪ್‌ಟಾಪಿನ ಕಥೆ ಅರ್ಥವಾಯಿತಲ್ವಾ? ಹಿಂದುಗಡೆಯ ಚೌಕ ಯುಎಸ್‌ಬಿ ತೂತು, ಪ್ರಿಂಟರಿಗೆ ಹಾಕುವ ವೈರೇ ಅದಕ್ಕೂ ಆಗುತ್ತದೆ, ಅದರಲ್ಲಿ ಹೆಚ್ಚಿನ ಕಡಿಮೆ ಬೆಲೆಯ ಪಿಯಾನೊಗಳು ಮಿಡಿ ಮಾತ್ರ ಕಳಿಸುತ್ತವೆ. ಯಮಹಾ ಪಿ-45 ಹಾಗೆಯೇ. ಲ್ಯಾಪ್‌ಟಾಪಿಗೆ ಅಂಕಿಗಳು ಸರಿಯಾಗಿ ತಲುಪುತ್ತಿವೆ, ಆದರೆ ಅವುಗಳಿಂದ ಸದ್ದು ಮಾಡುವ ಕೆಲಸವನ್ನು ನೀವು ಯಾರಿಗೂ ಒಪ್ಪಿಸಿಲ್ಲ. ಅದಕ್ಕೊಂದು ಪ್ರೋಗ್ರಾಂ ತೆರೆಯಬೇಕು, ಅದರ ಸೆಟ್ಟಿಂಗಿನಲ್ಲಿ ಮಿಡಿ ಇನ್‌ಪುಟ್ ಅಂತ ಇರುವಲ್ಲಿ ನಿಮ್ಮ ಪಿಯಾನೊದ ಹೆಸರನ್ನು ಆರಿಸಬೇಕು. ಆ್ಯಪಲ್ ಕಂಪ್ಯೂಟರಿಗೂ ಐಪ್ಯಾಡಿಗೂ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ ಸಿಗುತ್ತದೆ. ಸ್ವರಲಿಪಿ ಬರೆಯಲು ಮ್ಯೂಸ್‌ಸ್ಕೋರ್ ಇದೆ, ಅದೂ ಪುಕ್ಕಟೆ. ನಿಮ್ಮ ಯುಎಸ್‌ಬಿಯಲ್ಲಿ ಸದ್ದೂ ಹೋಗುತ್ತದೆಯೋ ಅಂತ ತಿಳಿಯಬೇಕಾದರೆ ಮಾದರಿಯ ವಿವರದಲ್ಲಿ 'ಯುಎಸ್‌ಬಿ ಆಡಿಯೊ' ಅನ್ನುವ ಮಾತು ಹುಡುಕಿ. ಬರೀ 'ಯುಎಸ್‌ಬಿ ಟು ಹೋಸ್ಟ್' ಅಂತ ಇದ್ದರೆ ಅದನ್ನು ನಂಬಿ ಕೂರಬೇಡಿ.

ಆದರೆ ನನ್ನ ಕೇಳಿದರೆ, ಕಲಿಯುವ ಮಗುವಿನ ಪಿಯಾನೊ ಸದ್ದನ್ನು ಲ್ಯಾಪ್‌ಟಾಪಿನ ಮೂಲಕ ತರುವ ಉಸಾಬರಿಯೇ ಬೇಡ. ಪಿಯಾನೊದೊಳಗಿನ ಸದ್ದು ಅದರ ಕೀಗಳ ತೂಕಕ್ಕೆ ಸರಿಹೊಂದುವ ಹಾಗೆ ಮಾಡಿದ್ದು. ವಿಂಡೋಸ್ ಕಂಪ್ಯೂಟರಿನಲ್ಲಿ ಮೊದಲಿಂದ ಇರುವ ಮಿಡಿ ಸದ್ದಂತೂ ಹಳೇ ಮೊಬೈಲಿನ ರಿಂಗ್‌ಟೋನಿಗಿಂತ ಚೂರು ವಾಸಿ. ಒಳ್ಳೆಯ ಪ್ರೋಗ್ರಾಂ ಹಾಕಿದರೂ ತಡದ ಕಾಟ ಶುರುವಾಗುತ್ತದೆ. ಅದನ್ನು ಇಳಿಸಲು ಅಸಿಯೊ ಅನ್ನುವ ಡ್ರೈವರ್ ಹಾಕಬೇಕು, ಬಫರ್, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ಒಟ್ಟುಮಾಡುವ ಸದ್ದಿನ ತುಣುಕುಗಳ ಲೆಕ್ಕ, 128ಕ್ಕೆ ತರಬೇಕು. ಹಾಗೆ ಮಾಡಿದರೆ ಬಫರಿನ ತಡ ಸುಮಾರು 3 ಮಿಲಿಸೆಕೆಂಡಿಗೆ ಇಳಿಯುತ್ತದೆ, 1024 ಇಟ್ಟರೆ 23ರ ಹತ್ತಿರ. ತೀರಾ ಕಡಿಮೆ ಇಟ್ಟರೆ ಹಳೆಯ ಲ್ಯಾಪ್‌ಟಾಪ್ ಚಟಪಟ ಅನ್ನುತ್ತದೆ. ಮಗಳು ದೊಡ್ಡವಳಾಗಿ ತಾನೇ ಹಾಡು ಕೂಡಿಸುತ್ತೇನೆ ಅಂದಾಗ ಇದೆಲ್ಲ ನೋಡಿಕೊಳ್ಳಲಿ. ಈಗ ಯುಎಸ್‌ಬಿ ಬೇಕಾದದ್ದು ಬಾರಿಸಿದ್ದನ್ನು ದಾಖಲು ಮಾಡಿಕೊಳ್ಳಲು, ಇಲ್ಲಾ ಕಲಿಕೆಯ ಆ್ಯಪ್‌ಗೆ ಯಾವ ಕೀ ಒತ್ತಿದಳು ಅಂತ ತಿಳಿಸಲು, ಅಷ್ಟಕ್ಕೆ ಸಾಕು. ಒಂದು ವೇಳೆ ಲ್ಯಾಪ್‌ಟಾಪಿನ ಸದ್ದೂ ಪಿಯಾನೊದ ಸದ್ದೂ ಒಟ್ಟಿಗೆ ಬಂದು ಪ್ರತಿ ಸ್ವರವೂ ಎರಡೆರಡು ಸಲ ಕೇಳಿದರೆ ಪಿಯಾನೊದಲ್ಲಿ 'ಲೋಕಲ್ ಕಂಟ್ರೋಲ್' ಅನ್ನುವುದನ್ನು ಆಫ್ ಮಾಡಿ. ಆಮೇಲೆ ಮರೆಯದೆ ಆನ್ ಮಾಡಿ, ಇಲ್ಲದಿದ್ದರೆ ಮರುದಿನ ಪಿಯಾನೊ ಸತ್ತೇ ಹೋಯಿತು ಅಂತ ಗಾಬರಿಯಾಗುತ್ತೀರಿ.

ಫೋನಿಗೆ ಜೋಡಿಸುವುದಾದರೆ ಅದೇ ಪ್ರಿಂಟರ್ ವೈರು, ಅದರ ತುದಿಗೆ ಒಟಿಜಿ ಅಡಾಪ್ಟರ್, ಅಂದರೆ ಯುಎಸ್‌ಬಿ ವೈರನ್ನು ಫೋನಿನ ಚಾರ್ಜಿಂಗ್ ತೂತಿಗೆ ಹೊಂದಿಸುವ ಸಣ್ಣ ತುಂಡು. ಆಂಡ್ರಾಯ್ಡ್ 6ರಿಂದ ಮೇಲಿನವುಗಳಲ್ಲಿ ಮಿಡಿಗೆ ಸೌಕರ್ಯ ಇದೆ.

ಬ್ಲೂಟೂತ್ ವಿಷಯದಲ್ಲಿ ಜನ ಮೋಸ ಹೋಗುವುದು ಜಾಸ್ತಿ. ಡಬ್ಬದ ಮೇಲೆ ಆ ಗುರುತು ಕಂಡ ಕೂಡಲೇ ಎಲ್ಲ ವೈರ್ ಇಲ್ಲದೆ ಆಗುತ್ತದೆ ಅಂದುಕೊಳ್ಳುತ್ತಾರೆ. ಪಿಯಾನೊದಲ್ಲಿ ಬ್ಲೂಟೂತ್ ಕೂಡ ಎರಡು ಥರ. ಬ್ಲೂಟೂತ್ ಮಿಡಿ ಅಂದರೆ ಅದೇ ಅಂಕಿಗಳು ಗಾಳಿಯಲ್ಲಿ ಹೋಗುವುದು. ಬ್ಲೂಟೂತ್ ಆಡಿಯೊ ಅಂದರೆ, ಸಾಮಾನ್ಯವಾಗಿ, ಫೋನಿನ ಹಾಡು ಪಿಯಾನೊದ ಸ್ಪೀಕರಿನಲ್ಲಿ ಕೇಳುವುದು. ಅದು ಒಳಗೆ ಬರುವ ದಾರಿ. ಪಿಯಾನೊದಿಂದ ಹೊರಗಿನ ಸ್ಪೀಕರಿಗೋ ಹೆಡ್‌ಫೋನಿಗೋ ಸದ್ದು ಕಳಿಸುವ ಸೌಕರ್ಯ ಹೆಚ್ಚಿನವುಗಳಲ್ಲಿ ಇರುವುದಿಲ್ಲ. ರೋಲ್ಯಾಂಡ್ ಎಫ್‌ಪಿ-10ರಲ್ಲಿ ಬ್ಲೂಟೂತ್ ಮಿಡಿ ಮಾತ್ರ ಇದೆ, ಎಫ್‌ಪಿ-30ಎಕ್ಸ್‌ನಲ್ಲಿ ಎರಡೂ ಇವೆ. ನಿಮ್ಮದರಲ್ಲಿ ಸದ್ದು ಹೊರಗೆ ಕಳಿಸುವ ಸೌಕರ್ಯ ಇಲ್ಲದ್ದಕ್ಕೇ ನೀವು ಟ್ರಾನ್ಸ್‌ಮಿಟರ್ ತಂದದ್ದು, ತಡ ಶುರುವಾದದ್ದೂ ಅಲ್ಲಿಂದಲೇ.

ತಡ ಯಾಕೆ ಅಂದರೆ, ಬ್ಲೂಟೂತ್ ಸದ್ದನ್ನು ಮೊದಲು ಒತ್ತಿ ಸಣ್ಣದು ಮಾಡಿ, ತುಂಡು ತುಂಡಾಗಿ ಕಳಿಸಿ, ಆಚೆ ಕಡೆ ಒಟ್ಟುಮಾಡಿ, ಮತ್ತೆ ಬಿಚ್ಚಬೇಕು. ಸಾಮಾನ್ಯವಾಗಿ 100ರಿಂದ 300 ಮಿಲಿಸೆಕೆಂಡ್ ಹೋಗುತ್ತದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಹಾಗಾಗಿ 200 ಮಿಲಿಸೆಕೆಂಡ್ ತಡ ಅಂದರೆ ಪಿಯಾನೊ ಅಂಗಳದಾಚೆ 68 ಮೀಟರ್ ದೂರದಲ್ಲಿದ್ದು ನೀವು ಜಗಲಿಯಲ್ಲಿ ಕೂತು ಬಾರಿಸಿದ ಹಾಗೆ. ಹತ್ತಿಪ್ಪತ್ತು ಮಿಲಿಸೆಕೆಂಡ್ ದಾಟಿದರೇ ಬೆರಳಿಗೆ ಗೊತ್ತಾಗುತ್ತದೆ. ಸಿನಿಮಾ ನೋಡುವಾಗ ಇದು ಕಾಣುವುದಿಲ್ಲ, ಯಾಕೆಂದರೆ ಫೋನು ಚಿತ್ರವನ್ನೂ ಅಷ್ಟೇ ತಡ ಮಾಡಿ ತೋರಿಸುತ್ತದೆ. ಬೆರಳನ್ನು ತಡ ಮಾಡಲು ಯಾವ ಫೋನಿಗೂ ಆಗುವುದಿಲ್ಲ. ತಾಳ ಕಲಿಯುತ್ತಿರುವ ಮಕ್ಕಳು ಈ ತಡಕ್ಕೆ ಹೊಂದಿಕೊಂಡು ಮುಂದೆ ಮುಂದೆ ಓಡಲು ಶುರು ಮಾಡುತ್ತಾರೆ, ಅದನ್ನು ಬಿಡಿಸುವುದು ಟೀಚರಿಗೆ ತಲೆನೋವು. ಆ ಟ್ರಾನ್ಸ್‌ಮಿಟರನ್ನು ಟಿವಿಗೆ ಹಾಕಿಕೊಳ್ಳಿ, ಪಿಯಾನೊದಿಂದ ತೆಗೆಯಿರಿ.

ಒಳಗೆ ಬರುವ ದಾರಿಯಲ್ಲಿ ಮಾತ್ರ ತಡ ಬಾಧಿಸುವುದಿಲ್ಲ. ಫೋನಿನ ತಬಲಾ ಆ್ಯಪ್ ಪಿಯಾನೊ ಸ್ಪೀಕರಿನಲ್ಲಿ ಬರುತ್ತಿದ್ದರೆ ಮಗಳು ತನಗೆ ಕೇಳಿದ ತಾಳಕ್ಕೇ ಬಾರಿಸುತ್ತಾಳೆ, ಅದು ಎಷ್ಟು ತಡವಾಗಿ ಹೊರಟಿತು ಅನ್ನುವುದು ಅವಳಿಗೆ ಬೇಕಿಲ್ಲ. ಬ್ಲೂಟೂತ್ ಮಿಡಿಯೂ ಸಾಕಷ್ಟು ವೇಗದ್ದೇ. ಆದರೆ ಐಪ್ಯಾಡಿನವರು ಒಂದು ಕಡೆ ಎಡವುತ್ತಾರೆ: ಸೆಟ್ಟಿಂಗಿನ ಬ್ಲೂಟೂತ್ ಪಟ್ಟಿಗೆ ಹೋಗಿ ಜೋಡಿಸಿ, ಕನೆಕ್ಟೆಡ್ ಅಂತ ಬಂದರೂ ಆ್ಯಪ್‌ಗೆ ಪಿಯಾನೊ ಕಾಣುವುದಿಲ್ಲ ಅಂತ ಒದ್ದಾಡುತ್ತಾರೆ. ಮಿಡಿಯನ್ನು ಆ ಆ್ಯಪ್ ಒಳಗಿನಿಂದಲೇ ಜೋಡಿಸಬೇಕು.

ಮನೆಯ ಸ್ಪೀಕರಿಗೆ ವೈರೇ ಹಾಕಿ. ಪಿಯಾನೊ ಕಡೆಯ ತೂತು ದಪ್ಪದ್ದಾದರೆ 6.35 ಮಿಲಿಮೀಟರ್, ಸಣ್ಣದಾದರೆ 3.5. ಅಲ್ಲಿಂದ ಹೋಂ ಥಿಯೇಟರಿನ ಕೆಂಪು ಬಿಳಿ ತೂತುಗಳಿಗೋ ಆಕ್ಸ್ ತೂತಿಗೋ ಹೋಗುವ ಸ್ಟೀರಿಯೊ ವೈರ್ ಕಾರವಾರದಲ್ಲೂ ಸಿಗುತ್ತದೆ, ಅಂಕೋಲಾದ ಎಲೆಕ್ಟ್ರಾನಿಕ್ ಅಂಗಡಿಯಲ್ಲೂ ಸಿಗಬಹುದು. ಮೊದಲು ಪಿಯಾನೊ ಹೊತ್ತಿಸಿ, ಆಮೇಲೆ ಆಂಪ್ಲಿಫೈಯರ್. ಆರಿಸುವಾಗ ಮೊದಲು ಆಂಪ್ಲಿಫೈಯರ್. ಇಲ್ಲದಿದ್ದರೆ ಢಬ್ ಅನ್ನುತ್ತದೆ, ಸ್ಪೀಕರಿಗೆ ಒಳ್ಳೆಯದಲ್ಲ. ಪಿಯಾನೊದ ವಾಲ್ಯೂಮ್ ಮುಕ್ಕಾಲು ಭಾಗ ಇಟ್ಟು ಉಳಿದದ್ದನ್ನು ಆಂಪ್ಲಿಫೈಯರಿನಲ್ಲಿ ಏರಿಸಿ, ಆಗ ಹಿನ್ನೆಲೆಯ ಸುಯ್ ಸದ್ದು ಕಡಿಮೆ. ಹೆಡ್‌ಫೋನ್ ತೂತಿಗೆ ಏನಾದರೂ ಹಾಕಿದರೆ ಪಿಯಾನೊದ ಸ್ವಂತ ಸ್ಪೀಕರ್ ಬಂದಾಗುತ್ತದೆ, ಅದಕ್ಕೆ ಗಾಬರಿ ಬೇಡ.

ಅಂಗೈ ಅಗಲದ ಸ್ಪೀಕರಿನಿಂದ ಮಾತ್ರ ಜಾಸ್ತಿ ನಿರೀಕ್ಷೆ ಬೇಡ. ಪಿಯಾನೊದ ಕೊನೆಯ ಕೆಳಗಿನ ಸ್ವರ 27.5 ಹರ್ಟ್ಜ್. ಅಂಥ ಸ್ಪೀಕರ್ ಅದರ ಹತ್ತಿರವೂ ಹೋಗುವುದಿಲ್ಲ. ಬಹಳ ಸಲ ಪಿಯಾನೊದೊಳಗಿನ ಸ್ಪೀಕರೇ ಅದಕ್ಕಿಂತ ಚೆನ್ನಾಗಿರುತ್ತದೆ. ಗೋಡೆಯಿಂದ ಒಂದು ಗೇಣು ಮುಂದೆ ಇಟ್ಟು ನೋಡಿ, ದಪ್ಪ ಹಾಸಿನ ಮೇಲೆ ಇಡಬೇಡಿ, ಕೆಲವದರ ಸ್ಪೀಕರ್ ಬಾಯಿ ಕೆಳಮುಖವಾಗಿರುತ್ತದೆ.

ಈಗ ಭಜನೆಯ ಮಿಕ್ಸರಿಗೆ ಬರೋಣ. ಸದ್ದು ಬಡಕಲಾಗಿ ಬಂತು ಅಂದಿರಲ್ಲ, ಅದು ಓದಿದ ಕೂಡಲೇ ಏನಾಗಿದೆ ಅಂತ ಗೊತ್ತಾಯಿತು. ನಮ್ಮೂರ ಕಡೆ ಸೌಂಡಿನವರು ಇದನ್ನು ಪ್ರತಿ ಹಬ್ಬದಲ್ಲೂ ಮಾಡುತ್ತಾರೆ. ಹೆಡ್‌ಫೋನ್ ತೂತಿನಲ್ಲಿ ಎಡ ಬಲ ಎರಡೂ ಸದ್ದು ಒಂದೇ ಪಿನ್ನಿನಲ್ಲಿ ಬರುತ್ತವೆ, ಆ ಪಿನ್ನಿಗೆ ಎರಡು ಕಪ್ಪು ಪಟ್ಟಿ ಇರುತ್ತದೆ. ಮಿಕ್ಸರಿನ ಒಂದು ಚಾನೆಲ್ಲಿಗೆ ಹೋಗುವ ಬ್ಯಾಲೆನ್ಸ್ಡ್ ಪಿನ್ನಿಗೂ ಎರಡು ಪಟ್ಟಿ. ನೋಡಲಿಕ್ಕೆ ಎರಡೂ ಒಂದೇ, ಹಾಗಾಗಿ ಎರಡೂ ತುದಿಗೆ ಅಂಥ ಪಿನ್ನಿರುವ ವೈರ್ ಸಿಕ್ಕಿದರೆ ಹಾಕಿಬಿಡುತ್ತಾರೆ. ಆದರೆ ಮಿಕ್ಸರಿನ ಬ್ಯಾಲೆನ್ಸ್ಡ್ ಚಾನೆಲ್ ಏನು ಮಾಡುತ್ತದೆ ಅಂದರೆ, ಬಂದ ಎರಡು ಎಳೆಗಳಲ್ಲಿ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ದಾರಿಯಲ್ಲಿ ಹೊಕ್ಕ ಗುಂಯ್ ಸದ್ದು ಎರಡರಲ್ಲೂ ಒಂದೇ ಥರ ಇರುತ್ತದಲ್ಲ, ಕಳೆದಾಗ ಅದು ಹೋಗಲಿ ಅಂತ ಆ ಉಪಾಯ. ನಿಮ್ಮ ಪಿಯಾನೊದ ಎಡ ಮತ್ತು ಬಲವೂ ಬಹುಮಟ್ಟಿಗೆ ಒಂದೇ. ಕಳೆದರೆ ಏನು ಉಳಿಯುತ್ತದೆ? ಪಿಯಾನೊದ ಹೊಟ್ಟೆ ಹೋಗಿ ಅಂಚು ಮಾತ್ರ ಉಳಿಯುತ್ತದೆ. ಮಿಕ್ಸರಿನವರು ಆಗ ಗೇನ್ ಏರಿಸುತ್ತಾರೆ, ಬಾಸ್ ತಿರುಗಿಸುತ್ತಾರೆ, ಕೊನೆಗೆ 'ಪಿಯಾನೊ ಚಲೋ ಇಲ್ಲ' ಅನ್ನುತ್ತಾರೆ.

ಇದಕ್ಕೆ ಪರಿಹಾರ ಸಣ್ಣದು. ಒಂದು ಕಡೆ ಸ್ಟೀರಿಯೊ ಪಿನ್, ಇನ್ನೊಂದು ಕಡೆ ಒಂದೊಂದು ಪಟ್ಟಿಯ ಎರಡು ಮೊನೊ ಪಿನ್ ಇರುವ ವೈ ವೈರ್ ತೆಗೆದುಕೊಳ್ಳಿ. ಎರಡನ್ನೂ ಎರಡು ಚಾನೆಲ್ಲಿಗೆ ಹಾಕಿ. ಒಂದೇ ಚಾನೆಲ್ ಖಾಲಿ ಇದೆ ಅಂದರೆ ಎಡದ ಪಿನ್ ಒಂದನ್ನೇ ಹಾಕಿ, ಅದೂ ಸಾಕು. ಇನ್ನೊಂದು ಪಿನ್ ಸುಮ್ನೆ ನೇತಾಡುತ್ತಾ ಯಾವುದಕ್ಕೂ ತಾಗದ ಹಾಗೆ ಟೇಪ್ ಸುತ್ತಿಡಿ. ನಿಮ್ಮ ಪಿಯಾನೊದಲ್ಲಿ ಎಲ್/ಮೊನೊ ಮತ್ತು ಆರ್ ಅಂತ ಬೇರೆ ಬೇರೆ ಲೈನ್ ಔಟ್ ಇದ್ದರೆ ಇನ್ನೂ ಸುಲಭ, ಎಲ್/ಮೊನೊಗೆ ಒಂದೇ ವೈರ್ ಹಾಕಿದರೆ ಎರಡೂ ಕಡೆಯದ್ದನ್ನು ಪಿಯಾನೊ ತಾನೇ ಕೂಡಿಸಿ ಕೊಡುತ್ತದೆ. ಮಿಕ್ಸರ್ ದೂರ ಇದ್ದು, ಐದಾರು ಮೀಟರಿಗಿಂತ ಉದ್ದ ಎಳೆಯಬೇಕಾದರೆ ನಡುವೆ ಡಿಐ ಬಾಕ್ಸ್, ಅಂದರೆ ಸದ್ದನ್ನು ಬ್ಯಾಲೆನ್ಸ್ಡ್ ಮಾಡಿ ಕಳಿಸುವ ಸಣ್ಣ ಪೆಟ್ಟಿಗೆ, ಕೊಡಿ ಅಂತ ಸೌಂಡಿನವರನ್ನು ಕೇಳಿ. ಮದುವೆ, ಯಕ್ಷಗಾನ ಅಂತ ತಿರುಗುವವರ ಪೆಟ್ಟಿಗೆಯಲ್ಲಿ ಒಂದಾದರೂ ಇರುತ್ತದೆ.

ಗುಂಯ್ ಸದ್ದಿನ ಮಾತು ಬಂದದ್ದಕ್ಕೆ ಇದೂ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್, ಪಿಯಾನೊ, ಆಂಪ್ಲಿಫೈಯರ್ ಮೂರನ್ನೂ ಒಂದಕ್ಕೊಂದು ಜೋಡಿಸಿದಾಗ ಕರೆಂಟಿನ 50 ಹರ್ಟ್ಜಿನ ಗುಂಗು ಕೇಳಿದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಹೋಯಿತು ಅಂದರೆ ಅರ್ತಿಂಗ್ ಎರಡು ದಾರಿಯಲ್ಲಿ ಸುತ್ತು ಹಾಕುತ್ತಿದೆ. ಎಲ್ಲವನ್ನೂ ಒಂದೇ ಬೋರ್ಡಿನಿಂದ ಕೊಡಿ, ಇಲ್ಲಾ ಸದ್ದಿನ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಪ್ಲಗ್ಗಿನ ಮೂರನೇ ಪಿನ್ ಮುರಿದು ಸದ್ದು ನಿಲ್ಲಿಸುವ ಜಾಣರು ಊರಿಗೊಬ್ಬರು ಇರುತ್ತಾರೆ. ಅವರ ಮಾತು ಕೇಳಬೇಡಿ, ಅದು ಪ್ರಾಣದ ಪ್ರಶ್ನೆ.

ಆನ್‌ಲೈನ್ ಕ್ಲಾಸಿನಲ್ಲಿ ಕಡಿದು ಕಡಿದು ಕೇಳುವುದಕ್ಕೆ ನೀವು ಇಂಟರ್ನೆಟ್ಟನ್ನು ಬೈಯುತ್ತಿರಬಹುದು. ಕೆಲವು ಸಲ ಅದೂ ಹೌದು. ಆದರೆ ಮಾತು ಸ್ಪಷ್ಟ ಕೇಳಿ ಪಿಯಾನೊ ಮಾತ್ರ ಕಡಿಯುತ್ತಿದೆ ಅಂದರೆ ಅದು ಆ್ಯಪ್ ಕೆಲಸ. ಈ ಆ್ಯಪ್‌ಗಳನ್ನು ಮಾತಿಗೆ ಅಂತ ಮಾಡಿದ್ದು. ಹಿನ್ನೆಲೆಯಲ್ಲಿ ಒಂದೇ ಸಮನೆ ನಡೆಯುವ ಸದ್ದು, ಫ್ಯಾನೋ ಮಿಕ್ಸಿಯೋ, ಬಂದರೆ ಅದನ್ನು ಒರೆಸಿ ಹಾಕುತ್ತವೆ. ಪೆಡಲ್ ಒತ್ತಿ ಹಿಡಿದ ಪಿಯಾನೊ ಸ್ವರವೂ ಅವಕ್ಕೆ ಫ್ಯಾನಿನ ಥರವೇ ಕಾಣುತ್ತದೆ. ಜೂಮಿನಲ್ಲಿ 'ಒರಿಜಿನಲ್ ಸೌಂಡ್' ಅನ್ನುವ ಆಯ್ಕೆ ಇದೆ, ಸಂಗೀತಗಾರರಿಗೆ ಅಂತಲೇ ಇಟ್ಟದ್ದು. ಸೆಟ್ಟಿಂಗಿನಲ್ಲಿ ಒಮ್ಮೆ ಅನುಮತಿ ಕೊಟ್ಟು, ಪ್ರತಿ ಕ್ಲಾಸಿನಲ್ಲಿ ಅದು ಆನ್ ಇದೆಯೋ ನೋಡಿಕೊಳ್ಳಿ. ಗೂಗಲ್ ಮೀಟಿನಲ್ಲಿ ನಾಯ್ಸ್ ಕ್ಯಾನ್ಸಲೇಶನ್ ಕಾಣಿಸಿದರೆ ಆಫ್ ಮಾಡಿ. ವಾಟ್ಸ್‌ಆ್ಯಪ್ ವಿಡಿಯೊ ಕಾಲಿನಲ್ಲಿ ಕ್ಲಾಸ್ ಮಾಡುತ್ತಿದ್ದರೆ ಬಿಟ್ಟುಬಿಡಿ, ಅಲ್ಲಿ ಇಂಥ ಆಯ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ.

ಹೀಗೆ ಒರೆಸುವುದನ್ನು ನಿಲ್ಲಿಸಿದ ಮೇಲೆ ಟೀಚರ ದನಿ ನಿಮ್ಮ ಫೋನಿನ ಸ್ಪೀಕರಿನಿಂದ ಹೊರಟು ಮತ್ತೆ ಮೈಕಿಗೆ ಹೋಗಿ ಅವರಿಗೇ ಪ್ರತಿಧ್ವನಿ ಕೇಳಬಹುದು. ಮಗಳು ಫೋನಿಗೆ ವೈರಿನ ಇಯರ್‌ಫೋನ್ ಹಾಕಿಕೊಂಡು ಒಂದು ಕಿವಿಯಲ್ಲಿ ಟೀಚರನ್ನು ಕೇಳಲಿ, ಪಿಯಾನೊ ತನ್ನ ಸ್ಪೀಕರಿನಲ್ಲೇ ಹದವಾಗಿ ಮೊಳಗಲಿ. ಎದೆಯ ಹತ್ತಿರ ನೇತಾಡುವ ಇಯರ್‌ಫೋನ್ ಮೈಕಿಗೆ ಮಾತು, ಪಿಯಾನೊ ಎರಡೂ ಸಿಗುತ್ತವೆ. ಕ್ಲಾಸಿಗೆ ಇಷ್ಟು ಸಾಕು. ಪಿಯಾನೊದ ಹೆಡ್‌ಫೋನ್ ತೂತಿನಿಂದ ಫೋನಿನ ಇಯರ್‌ಫೋನ್ ತೂತಿಗೆ ನೇರವಾಗಿ ವೈರ್ ಹಾಕಿದರೆ ಸದ್ದು ಒಳಗೆ ಹೋಗುವುದಿಲ್ಲ, ಅದು ಫೋನಿನಿಂದ ಸದ್ದು ಹೊರಡುವ ದಾರಿ. ಶುದ್ಧ ಸದ್ದು ಬೇಕೇ ಬೇಕು ಅಂದರೆ ಯುಎಸ್‌ಬಿ ಆಡಿಯೊ ಇರುವ ಪಿಯಾನೊ ಬೇಕು, ಇಲ್ಲಾ ನಡುವೆ ಸಣ್ಣ ಆಡಿಯೊ ಇಂಟರ್‌ಫೇಸ್, ಅಂದರೆ ಪಿಯಾನೊದ ಸದ್ದನ್ನು ಯುಎಸ್‌ಬಿ ಮೂಲಕ ಫೋನಿಗೆ ಕೊಡುವ ಪೆಟ್ಟಿಗೆ, ಕೊಳ್ಳಬೇಕು. ಟ್ರಿನಿಟಿಯದ್ದೋ ಎಬಿಆರ್‌ಎಸ್‌ಎಮ್‌ನದ್ದೋ ಸಂಗೀತ ಪರೀಕ್ಷೆಗೆ ವಿಡಿಯೊ ಕಳಿಸುವ ಹಂತಕ್ಕೆ ಬಂದಾಗ ಅದನ್ನು ಯೋಚನೆ ಮಾಡಿ, ಈಗಲೇ ಖರ್ಚು ಬೇಡ. ಟೀಚರ ಜೊತೆ ಒಟ್ಟಿಗೆ ಬಾರಿಸುವ ಪ್ರಯತ್ನವನ್ನಂತೂ ಮಾಡಬೇಡಿ, ಸದ್ದು ಇಂಟರ್ನೆಟ್ಟಿನಲ್ಲಿ ಅವರವರೆಗೆ ಹೋಗಿ ಬರುವಷ್ಟರಲ್ಲಿ ತಾಳ ತಪ್ಪಿರುತ್ತದೆ.

ಹೆಡ್‌ಫೋನಿನಲ್ಲಿ ಅಭ್ಯಾಸ ಮಾಡುವಾಗ ವಾಲ್ಯೂಮ್ ನೀವೇ ಒಮ್ಮೆ ಹಾಕಿಕೊಂಡು ನೋಡಿ. ಮಕ್ಕಳಿಗೆ ವಾರಕ್ಕೆ 40 ಗಂಟೆ ಕೇಳುವುದಾದರೆ 75 ಡೆಸಿಬೆಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ದೊಡ್ಡವರಿಗೆ 80. ಹೆಡ್‌ಫೋನ್ ಹಾಕಿದರೂ ಕೀಗಳ ಧಡ್ ಧಡ್ ನಿಲ್ಲುವುದಿಲ್ಲ. ಮರದ ಹಲಗೆಯ ಮಾಳಿಗೆಯಲ್ಲಿ ಇಟ್ಟಿದ್ದರೆ ಕೆಳಗೆ ಮಲಗಿದವರಿಗೆ ಅದು ಕೇಳುತ್ತದೆ, ಸ್ಟ್ಯಾಂಡಿನ ಕಾಲ ಕೆಳಗೆ ದಪ್ಪ ರಬ್ಬರ್ ಹಾಸಿ.

ಊಟದ ಟೇಬಲ್ ಮೇಲೆ ಇಟ್ಟು ಬಾರಿಸುವ ಮನೆಗಳೂ ಇವೆ. ಟೇಬಲ್ ಸುಮಾರು 75 ಸೆಂಟಿಮೀಟರ್, ಪಿಯಾನೊದ ಎತ್ತರ ಒಂದು 15, ಸೇರಿ 90 ಆಯಿತು. ಕೀಗಳು ನೆಲದಿಂದ 73ರ ಆಸುಪಾಸಿನಲ್ಲಿ ಇರಬೇಕು. ಮಗುವಿನ ಭುಜ ಕಿವಿಗೆ ಏರುತ್ತದೆ.

ಹಾರ್ಮೋನಿಯಮ್ಮಿನ ಶ್ರುತಿ ಕೂಡದ್ದಕ್ಕೆ ಎರಡು ಕಾರಣ ಇರಬಹುದು. ಮೊದಲನೆಯದು ಮನೆ, ಅಂದರೆ ಷಡ್ಜ ಹಿಡಿಯುವ ಕೀ, ಬೇರೆ. ಮಾವನವರು ಕಪ್ಪು ಒಂದರಲ್ಲಿ ಹಾಡುತ್ತಾರೆ ಅಂತ ಇಟ್ಟುಕೊಳ್ಳಿ, ಮಗಳು ಕಲಿತದ್ದು ಸಿಯಿಂದ, ಅಂದರೆ ಬಿಳಿ ಒಂದರಿಂದ. ಪಿಯಾನೊದ ಟ್ರಾನ್ಸ್‌ಪೋಸ್ ಒಂದು ಹೆಜ್ಜೆ ಮೇಲೆ ಮಾಡಿ, ಅವಳು ಬಿಳಿ ಒಂದರಿಂದಲೇ ಬಾರಿಸಲಿ, ಸದ್ದು ಕಪ್ಪು ಒಂದರದ್ದು ಬರುತ್ತದೆ. ಕಪ್ಪು ಎರಡಾದರೆ ಮೂರು ಹೆಜ್ಜೆ. ಟೀಚರಿಗೆ ಇದು ಇಷ್ಟವಾಗಲಿಕ್ಕಿಲ್ಲ, ಎಲ್ಲ ಮನೆಯಿಂದಲೂ ಬಾರಿಸಲು ಕಲಿಯಬೇಕು ಅನ್ನುತ್ತಾರೆ. ಅವರು ಹೇಳುವುದು ಸರಿ. ಆದರೆ ಗುರುವಾರದ ಭಜನೆಗೆ ಅಜ್ಜನ ಜೊತೆ ಕೂರುವ ಖುಷಿಯೂ ಬೇಕಲ್ಲ.

ಎರಡನೆಯದು ಸೂಕ್ಷ್ಮ. ಮನೆ ಸರಿಯಾಗಿದ್ದರೂ ಎರಡೂ ಸೇರಿದಾಗ ಸ್ವರ ವಾಂವ್ ವಾಂವ್ ಅಂತ ಅಲೆಯುತ್ತದೆ. ನಿಮ್ಮ ಪಿಯಾನೊ ಅಂಗಡಿಯಿಂದ ಬರುವಾಗಲೇ 440 ಹರ್ಟ್ಜಿಗೆ ಇರುತ್ತದೆ, ಅಂದರೆ ಮಧ್ಯದ ಬಿಳಿ ಆರು ಸೆಕೆಂಡಿಗೆ 440 ಸಲ ಕಂಪಿಸುತ್ತದೆ. ಹಳೆಯ ಹಾರ್ಮೋನಿಯಮ್ಮಿನ ರೀಡುಗಳು ಅಷ್ಟಕ್ಕೇ ಇರಬೇಕು ಅಂತ ಏನಿಲ್ಲ. ರೀಡನ್ನು ಕೆರೆದು ಸರಿಮಾಡಲು ಬಲ್ಲವರೇ ಬೇಕು, ಪಿಯಾನೊವನ್ನು ಮಾತ್ರ ಗುಂಡಿ ಒತ್ತಿ ಏರಿಳಿಸಬಹುದು. ಹಾಗಾಗಿ ಪಿಯಾನೊವೇ ಹಾರ್ಮೋನಿಯಂ ಹತ್ತಿರ ಹೋಗಲಿ. ಸೆಟ್ಟಿಂಗಿನಲ್ಲಿ ಟ್ಯೂನಿಂಗ್ ಅಂತ ಇರುತ್ತದೆ. ಮಾವನವರು ಬಿಳಿ ಆರನ್ನು ಹಿಡಿದಿರಲಿ, ತಿದಿಯನ್ನು ಒಂದೇ ಹದದಲ್ಲಿ ಒತ್ತಲಿ, ಜೋರು ಮಾಡಿದರೆ ರೀಡಿನ ಶ್ರುತಿ ತುಸು ಕದಲುತ್ತದೆ. ಮಗಳು ಅದೇ ಕೀ ಹಿಡಿಯಲಿ. ಸೆಕೆಂಡಿಗೆ ಎಷ್ಟು ವಾಂವ್ ಕೇಳುತ್ತದೋ ಅಷ್ಟು ಹರ್ಟ್ಜ್ ವ್ಯತ್ಯಾಸ ಇದೆ. ಮೂರು ಕೇಳಿದರೆ 443 ಇಲ್ಲಾ 437. ಒಂದು ಕಡೆ ಏರಿಸಿ ನೋಡಿ. ಅಲೆ ನಿಧಾನವಾಗುತ್ತಾ ಬಂದರೆ ಸರಿಯಾದ ದಾರಿ, ಜಾಸ್ತಿಯಾದರೆ ಇಳಿಸಿ. ಅಲೆ ನಿಂತಲ್ಲಿ ಬಿಡಿ, ಆ ಅಂಕಿಯನ್ನು ಹಾರ್ಮೋನಿಯಂ ಮುಚ್ಚಳದ ಒಳಗೆ ಬರೆದಿಡಿ. ಮರುದಿನ ಕ್ಲಾಸಿಗೆ ಮತ್ತೆ 440ಕ್ಕೆ ತರುವುದನ್ನು ಮರೆಯಬೇಡಿ. ಇಷ್ಟಾದರೂ ಭಜನೆಯ ಮೀಂಡ್, ಗಮಕ ಪಿಯಾನೊದಲ್ಲಿ ಬರುವುದಿಲ್ಲ. ಅವಳು ಷಡ್ಜ ಪಂಚಮ ಹಿಡಿದು ಹಿಂದೆ ನಿಂತರೆ ಚೆಂದ ಕೇಳುತ್ತದೆ.

ಮಳೆಗಾಲ. ಕೈಗಾ, ಕದ್ರಾ, ಕೊಡಸಳ್ಳಿ, ಸೂಪಾ, ಕರೆಂಟ್ ಮಾಡುವ ಜಾಗಗಳೆಲ್ಲ ನಮ್ಮ ಜಿಲ್ಲೆಯಲ್ಲೇ ಇವೆ, ಆದರೂ ಒಂದು ಮರ ತಂತಿಯ ಮೇಲೆ ಬಿದ್ದರೆ ರಾತ್ರಿಯಿಡೀ ಕತ್ತಲೆ. ಪಿಯಾನೊಗೆ ಕರೆಂಟ್ ಬಹಳ ಬೇಡ, ಸಣ್ಣ ಮಾದರಿಗಳು ಹತ್ತು ವ್ಯಾಟಿನ ಒಳಗೇ ಮುಗಿಸುತ್ತವೆ. ಮನೆಯ ಇನ್ವರ್ಟರ್ ಧಾರಾಳ ಸಾಕು. ಸ್ಕ್ವೇರ್ ವೇವ್ ಇನ್ವರ್ಟರಾದರೆ ಗುಂಗು ಬರಬಹುದು, ಸೈನ್ ವೇವ್ ಒಳ್ಳೆಯದು. ಅಡಾಪ್ಟರ್ ಹಾಳಾದರೆ ಮಾತ್ರ ಪಿನ್ ಹೊಂದುತ್ತದೆ ಅಂತ ಯಾವುದೋ ರೂಟರಿನದ್ದನ್ನು ಚುಚ್ಚಬೇಡಿ. ವೋಲ್ಟ್ ಎಷ್ಟು, ಪ್ಲಸ್ ಪಿನ್ನಿನ ಒಳಗೋ ಹೊರಗೋ, ಎರಡೂ ಹೊಂದಬೇಕು. ವಿದೇಶದಲ್ಲಿರುವ ನೆಂಟರು ಪಿಯಾನೊ ತಂದುಕೊಟ್ಟರೆ ಅಡಾಪ್ಟರಿನ ಚೀಟಿ ಓದಿ. ಇನ್‌ಪುಟ್ 100-240 ಅಂತ ಇದ್ದರೆ ನಿಶ್ಚಿಂತೆ. ಬರೀ 120 ಅಂತ ಇದ್ದರೆ ನಮ್ಮ 230 ವೋಲ್ಟಿಗೆ ಚುಚ್ಚಿದ ಕೂಡಲೇ ಹೊಗೆ.

ಗುಡುಗು ಕೇಳಿದಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಿ. ಯುಎಸ್‌ಬಿ ಮತ್ತು ಆಂಪ್ಲಿಫೈಯರಿನ ವೈರನ್ನೂ ತೆಗೆಯಿರಿ, ಸಿಡಿಲಿನ ಹೊಡೆತ ಲ್ಯಾಪ್‌ಟಾಪಿನ ಕಡೆಯಿಂದಲೂ ಬರುತ್ತದೆ. ಆಷಾಢದ ಮಳೆಗಿಂತ ಮೇ ತಿಂಗಳಿನ ಮತ್ತು ಅಕ್ಟೋಬರಿನ ಸಂಜೆ ಗುಡುಗಿಗೆ ಜಾಸ್ತಿ ಹೆದರಬೇಕು.

ತೇವ ನಿಧಾನವಾಗಿ ಕೊಲ್ಲುತ್ತದೆ. ಜುಲೈಯಲ್ಲಿ ಗಾಳಿಯ ತೇವ ಶೇಕಡಾ 90 ದಾಟುವುದು ನಮ್ಮಲ್ಲಿ ಮಾಮೂಲು, ಕಡಲ ಹತ್ತಿರ ಉಪ್ಪೂ ಸೇರುತ್ತದೆ. ಮರದ ಪಿಯಾನೊದ ಹಾಗೆ ಇದರ ಶ್ರುತಿ ಕೆಡುವುದಿಲ್ಲ, ತಂತಿಯೇ ಇಲ್ಲವಲ್ಲ. ಕೆಡುವುದು ಕೀಗಳ ಕೆಳಗಿನ ರಬ್ಬರ್ ಗುಂಡಿಗಳು. ಒಂದೊಂದು ಕೀಗೂ ಎರಡೋ ಮೂರೋ ಸಂಪರ್ಕ ಇರುತ್ತವೆ, ಮೊದಲನೆಯದು ತಾಗಿ ಮುಂದಿನದು ತಾಗುವ ನಡುವಿನ ಸಮಯ ಅಳೆದು ಎಷ್ಟು ಜೋರು ಒತ್ತಿದರು ಅಂತ ಪಿಯಾನೊ ತಿಳಿಯುತ್ತದೆ. ಅಲ್ಲಿ ಧೂಳು, ತೇವ ಕೂತರೆ ಲೆಕ್ಕ ತಪ್ಪುತ್ತದೆ. ಮೆಲ್ಲಗೆ ಒತ್ತಿದ ಒಂದು ಸ್ವರ ಇದ್ದಕ್ಕಿದ್ದಂತೆ ಕಿರುಚುತ್ತದೆ, ಇನ್ನೊಂದು ಮೂಕವಾಗುತ್ತದೆ. ಆದ್ದರಿಂದ ಕಿಟಕಿಯ ಬುಡದಲ್ಲಿ ಇಡಬೇಡಿ. ಪ್ಲಾಸ್ಟಿಕ್ ಹೊದೆಸಬೇಡಿ, ತೇವ ಒಳಗೇ ಉಳಿಯುತ್ತದೆ. ಹಳೆಯ ಹತ್ತಿಯ ಸೀರೆ ಮಡಚಿ ಹಾಕಿ, ಧೂಳಿಗೂ ಹಲ್ಲಿಗೂ ಅದೇ ಸಾಕು. ಚೀಲದಲ್ಲಿ ಕಟ್ಟಿ ಇಡುವುದಾದರೆ ಸಿಲಿಕಾ ಜೆಲ್ ಪೊಟ್ಟಣ ಜಾಸ್ತಿಯೇ ಹಾಕಿ. ದಿನಾ ಬಾರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಕೀಗಳ ಮೇಲೆ ಬೂಸು ಬಂದರೆ ಹಿಂಡಿದ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಸ್ಪಿರಿಟ್ ಬೇಡ. ಪಿನ್ ಹಾಕಿದಾಗ ಕರಕರ ಅಂದರೆ ನಾಲ್ಕೈದು ಸಲ ಹಾಕಿ ತೆಗೆಯಿರಿ, ಸಾಮಾನ್ಯವಾಗಿ ಅಷ್ಟಕ್ಕೇ ಸರಿಯಾಗುತ್ತದೆ. ತೆಂಗಿನೆಣ್ಣೆ ಹಚ್ಚಬೇಡಿ.

ದುರಸ್ತಿಗೆ ಹೊರಡುವ ಮೊದಲು ಎರಡು ಚಿಲ್ಲರೆ ಸಂಗತಿ ನೋಡಿಕೊಳ್ಳಿ. ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ತಾನೇ ಆರುವ ಸೆಟ್ಟಿಂಗ್ ಹೆಚ್ಚಿನ ಪಿಯಾನೊಗಳಲ್ಲಿ ಇರುತ್ತದೆ. ಯಮಹಾದ ಹಲವು ಮಾದರಿಗಳಲ್ಲಿ ಎಡತುದಿಯ ಕೀ ಒತ್ತಿಕೊಂಡೇ ಪವರ್ ಹೊತ್ತಿಸಿದರೆ ಅದು ರದ್ದಾಗುತ್ತದೆ. ಪೆಡಲ್ ಉಲ್ಟಾ ಕೆಲಸ ಮಾಡಿದರೆ, ಪಿಯಾನೊ ಆರಿಸಿ, ಪೆಡಲ್ ಚುಚ್ಚಿ, ಕಾಲು ತೆಗೆದು, ಮತ್ತೆ ಹೊತ್ತಿಸಿ. ಇಷ್ಟಾದ ಮೇಲೂ ಕೆಲವು ಕೀಗಳು ಕಿರುಚುತ್ತಿದ್ದರೆ ಅವು ಎಡದಿಂದ ಎಷ್ಟನೆಯವು ಅಂತ ಬರೆದುಕೊಳ್ಳಿ, ಒಂದೊಂದನ್ನೇ ಮೆಲ್ಲಗೆ ಮತ್ತು ಜೋರಾಗಿ ಒತ್ತಿ ವಿಡಿಯೊ ಮಾಡಿ ಸರ್ವಿಸಿನವರಿಗೆ ಕಳಿಸಿ. ಗ್ಯಾರಂಟಿ ಇರುವಾಗ ನೀವೇ ಸ್ಕ್ರೂ ಬಿಚ್ಚಬೇಡಿ. ರಬ್ಬರ್ ಪಟ್ಟಿ ಯಾವುದು ಬೇಕು ಅಂತ ಮೊದಲೇ ಗೊತ್ತಾದರೆ ಅವರು ಅದನ್ನು ತರಿಸಿಟ್ಟ ಮೇಲೆ ನೀವು ಪಿಯಾನೊ ಒಯ್ಯಬಹುದು, ಹನ್ನೊಂದು ಹನ್ನೆರಡು ಕಿಲೋ ಹೊತ್ತು ಎರಡೆರಡು ಸಲ ಬಸ್ಸು ಹತ್ತುವುದು ತಪ್ಪುತ್ತದೆ.